ಗದ್ದೆಮ್ಮ ಮಾಡಿದ ಮೀನಿನ ಬಾಣಂತನ

ನನ್ನ ತಾಯಿಯ ಅಕ್ಕ ಗದ್ದೆಮ್ಮ ಮಸ್ಕಿಯವಳು. ಜಾತಿಯಲ್ಲಿ ಅಂಬಿಗರವಳು, ಕೆಲಸದಲ್ಲಿ ಸೂಲಗಿತ್ತಿ. ಹಳ್ಳದ ಎರಡೂ ದಂಡೆಯ ಊರುಗಳಲ್ಲಿ ಅವಳ ಕೈಯಲ್ಲಿ ಹುಟ್ಟಿದವರು ಇನ್ನೂರಕ್ಕೂ ಹೆಚ್ಚು ಮಂದಿ. ಒಬ್ಬ ಬಾಣಂತಿಯೂ ಅವಳ ಕೈಯಲ್ಲಿ ಸಾಯಲಿಲ್ಲ ಎಂದು ಊರವರು ಹೇಳುತ್ತಿದ್ದರು. ಸುಳ್ಳು. ಇಬ್ಬರು ಸತ್ತಿದ್ದರು, ಅವರ ಹೆಸರನ್ನು ಅವಳೇ ನನಗೆ ಹೇಳಿದ್ದಾಳೆ. ಗಂಡ ಗಾಳೆಪ್ಪ ಹರಿಗೋಲು ಹಾಕುತ್ತಿದ್ದವನು, ಒಂದು ಮಳೆಗಾಲ ತುಂಗಭದ್ರೆಯ ಪಾಲಾದ. ಉಳಿದದ್ದು ಒಬ್ಬಳೇ ಮಗಳು, ಆದಮ್ಮ. ಆ ಮಗಳನ್ನು ಉಳಿಸಿಕೊಳ್ಳಲು ಗದ್ದೆಮ್ಮ ಮೀನಿಗೆ ಬಾಣಂತನ ಮಾಡಿದಳು. ನಗಬೇಡಿ. ಕೇಳಿದವರೆಲ್ಲ ಮೊದಲು ನಗುತ್ತಾರೆ, ಅದಕ್ಕೇ ಬಾಯಲ್ಲಿ ಹೇಳುವುದನ್ನು ಬಿಟ್ಟು ಬರೆಯಲು ಕೂತಿದ್ದೇನೆ.

ಮಸ್ಕಿಯಿಂದ ಸಿಂಧನೂರಿನ ದಾರಿ ಹಿಡಿದು ಎರಡು ಹರದಾರಿ ನಡೆದರೆ ಒಂದು ಊರು ಸಿಗುತ್ತದೆ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿಯ ದೊಡ್ಡ ಮನೆಯೊಂದರ ಮೊಮ್ಮಕ್ಕಳು ಇವತ್ತಿಗೂ ಸಭೆಗಳಲ್ಲಿ ಮುಂದಿನ ಕುರ್ಚಿಯಲ್ಲಿ ಕೂಡುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ ಅದು ದೇಸಾಯರ ಊರು. ದೇಸಾಯರು ಮೆತ್ತಗಿನ ಮನುಷ್ಯ, ಎಲೆ ಅಡಿಕೆಯ ತಟ್ಟೆ ಬಿಟ್ಟರೆ ಬೇರೆ ಯಾವುದರ ಮೇಲೂ ಅವರ ದರಬಾರು ನಡೆಯುತ್ತಿರಲಿಲ್ಲ. ವಾಡೆಯನ್ನು ಆಳುತ್ತಿದ್ದವರು ಅವರ ಹೆಂಡತಿ, ಎಲ್ಲರ ಬಾಯಲ್ಲಿ ಬಾಯಿಸಾಬ್ರು. ಅವರಿಗೆ ಒಬ್ಬಳೇ ಮಗಳು ಚಂಪಾಬಾಯಿ. ಅಡ್ಡ ಬಂದಿದ್ದ ಆ ಕೂಸನ್ನು ಒಂದು ಹಗಲು ಒಂದು ರಾತ್ರಿ ಒದ್ದಾಡಿ ಉಳಿಸಿದವಳು ಗದ್ದೆಮ್ಮನೇ. ಅದಕ್ಕೆ ಸಿಕ್ಕ ಇನಾಮು ಏನು ಗೊತ್ತೇ? ಆದಮ್ಮನಿಗೆ ಎಂಟು ವರ್ಷ ತುಂಬಿದಾಗ ವಾಡೆಯಲ್ಲಿ ಕಸ ಗುಡಿಸುವ ಕೆಲಸ.

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಚಂಪಾಬಾಯಿಗೆ ಹೈದರಾಬಾದಿನ ವರ ಗೊತ್ತಾಯಿತು. ವರ ಸರಕಾರದಲ್ಲಿ ಇಂಜಿನಿಯರು. ಮಾಘದಲ್ಲಿ ಮದುವೆ. ಅಂಥ ಮನೆಗಳಲ್ಲಿ ಮಗಳಿಗೆ ಬಳುವಳಿ ಕೊಡುವಾಗ ಹಿತ್ತಾಳೆ ಹಂಡೆ, ತೊಟ್ಟಿಲು, ಕರು ಹಾಕಿದ ಆಕಳು, ಜೊತೆಗೆ ಒಬ್ಬ ಆಳುಹುಡುಗಿಯನ್ನೂ ಕಳಿಸುವ ಪದ್ಧತಿ ಇತ್ತು. ಹೋದ ಆಕಳು ಹೇಗೆ ತಿರುಗಿ ಬರುವುದಿಲ್ಲವೋ ಆ ಹುಡುಗಿಯೂ ಬರುತ್ತಿರಲಿಲ್ಲ. ಬಳುವಳಿಯ ಪಟ್ಟಿಯಲ್ಲಿ ಆಕಳ ಕೆಳಗೆ ಆದಮ್ಮನ ಹೆಸರು ಬರೆದಿದ್ದಾರೆ ಎಂದು ವಾಡೆಯ ಕಾರಭಾರಿ ಕರಿಬಸಪ್ಪ ಗದ್ದೆಮ್ಮನಿಗೆ ಹೇಳಿದ.

ಗದ್ದೆಮ್ಮ ಅಂದೇ ವಾಡೆಗೆ ನಡೆದಳು. ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತು ಕೈಮುಗಿದಳು.

"ಅವ್ವಾರೆ, ಇರೋದು ಒಂದ ಕೂಸು. ಅದನ್ನೂ ಅಷ್ಟ ದೂರ ಕಳಿಸಿದ್ರ ನಾ ಯಾರ ಮಾರಿ ನೋಡ್ಲಿರಿ?"

"ನಾನೂ ನನ್ನ ಮಗಳನ್ನ ಕಳಸಾಕತ್ತೀನಲ್ಲ," ಅಂದರು ಬಾಯಿಸಾಬ್ರು. "ನನಗ ಇಲ್ಲದ ಅಳು ನಿನಗ್ಯಾಕ?"

ನನಗೆ ಎಪ್ಪತ್ತು ದಾಟಿದೆ, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದೇನೆ, ಈ ಮಾತು ನೆನಪಾದರೆ ಇನ್ನೂ ಸಿಟ್ಟು ಬರುತ್ತದೆ. ಗದ್ದೆಮ್ಮ ತಿರುಗಿ ಬಂದಳು.

ಆ ಶ್ರಾವಣದಲ್ಲಿ ವರನ ಕಡೆಯಿಂದ ಒಂದು ಉಡುಗೊರೆ ಬಂತು. ರಾಯಚೂರಿನ ತನಕ ರೈಲಿನಲ್ಲಿ, ಅಲ್ಲಿಂದ ಮೋಟಾರಿನಲ್ಲಿ, ತೂತು ಹೊಡೆದ ಮುಚ್ಚಳದ ಒಂದು ತಗಡಿನ ಡಬ್ಬಿ. ಒಳಗೆ ನಾಲ್ಕು ಮೀನು. ಮೂರು ಬೆರಳಗಲ, ಅರಿಶಿಣದ ಮೈಬಣ್ಣ, ಪಕ್ಕೆಯ ಮೇಲೆ ದೃಷ್ಟಿಬೊಟ್ಟಿನಂಥ ಕರಿ ಚುಕ್ಕೆ. ಮಲಬಾರಿನ ಹಿನ್ನೀರಿನವು. ಈಗ ರಾಯಚೂರಿನ ಅಂಗಡಿಗಳಲ್ಲಿ ಇದರ ಬಂಧುಬಳಗವನ್ನೆಲ್ಲ ಸಿಕ್ಲಿಡ್ ಎಂದು ಕರೆದು ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಾರೆ. ಆಗ ಯಾರಿಗೆ ಆ ಹೆಸರು ಗೊತ್ತು? ಹೈದರಾಬಾದಿನ ದೊಡ್ಡ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮೀನು ಸಾಕುವ ಹುಚ್ಚು ಹತ್ತಿತ್ತು. ಆದರೆ ಎಲ್ಲರ ಮೀನೂ ತಿಂಗಳೊಳಗೆ ಸಾಯುತ್ತವೆ, ಯಾರ ಮನೆಯಲ್ಲೂ ಮರಿ ಆಗಿಲ್ಲ, ನಿಮ್ಮ ಹಳ್ಳಿಯ ನೀರಿನಲ್ಲಿ ಏನಾಗುತ್ತದೋ ನೋಡೋಣ ಎಂದು ವರ ಚೀಟಿ ಬರೆದಿದ್ದ. ನೀರಿಗೆ ಚಿಟಿಕೆ ಉಪ್ಪು ಹಾಕಿ ಎಂದೂ ಬರೆದಿದ್ದ.

ಅದು ಮೀನು ತಿನ್ನದ ಮನೆ. ಮೀನನ್ನು ಮುಟ್ಟುವವರು ಯಾರು? ಅಂಬಿಗರ ಗದ್ದೆಮ್ಮನಿಗೆ ಕರೆ ಹೋಯಿತು.

"ಬೀಗರು ಬರೂದರೊಳಗ ಇವುಕ್ಕ ಮರಿ ಮಾಡಿಸಿ ತೋರಿಸು," ಅಂದರು ಬಾಯಿಸಾಬ್ರು. "ಹೈದರಾಬಾದಿನವರಿಗೆ ಆಗದ್ದು ನಮ್ಮ ವಾಡೇದಾಗ ಆಗೇದ ಅಂತ ನಾ ಹೇಳಬೇಕು. ಮಾಡಿಸಿದಿ ಅಂದ್ರ ಆದಿ ಹೆಸರು ಪಟ್ಟಿಯಿಂದ ತಗಸ್ತೀನಿ. ಬೇರೆ ಹುಡುಗಿ ಹೋಗ್ತಾಳ."

"ಖರೇನ ಅವ್ವಾರೆ?"

"ನನ್ನ ಅರಿಶಿಣ ಕುಂಕುಮದಾಣೆ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಗದ್ದೆಮ್ಮ ಅವತ್ತು ಹಿಗ್ಗಿದಳು. ನೀರಿನಲ್ಲಿ ಹುಟ್ಟಿ ಬೆಳೆದ ಜಾತಿ ತನ್ನದು, ಹೆರಿಗೆ ತನ್ನ ಕಸುಬು. ಸೋಲಲು ಇದರಲ್ಲಿ ಏನಿದೆ ಅನಿಸಿತು.

ಪೆಟ್ಟಿಗೆ ಮಾಡಿದವನು ಲಿಂಗಸುಗೂರಿನ ಯಂಕೋಬ. ಕಂದೀಲಿಗೆ ಗಾಜು ಕೂಡಿಸುವವನು. ಗದ್ದೆಮ್ಮ ತಾನೇ ಹೋಗಿ ಮೊಳದುದ್ದ, ಗೇಣಗಲ ಎಂದು ಕೈಯಲ್ಲಿ ಅಳತೆ ತೋರಿಸಿದಳು. ಅವನು ಕಬ್ಬಿಣದ ಪಟ್ಟಿಯ ಚೌಕಟ್ಟು ಮಾಡಿ, ತಳಕ್ಕೆ ಶಹಾಬಾದಿನ ತೆಳು ಕಲ್ಲು ಹಾಕಿ, ನಾಲ್ಕೂ ಕಡೆ ಗಾಜು ನಿಲ್ಲಿಸಿ, ಸಂದಿಗೆ ಸುಣ್ಣದ ಕಲ್ಲಿನ ಪುಡಿ ಮತ್ತು ಅಗಸಿ ಎಣ್ಣೆ ಕಲಸಿ ಮೆತ್ತಿದ. ಅದು ಒಣಗಲು ಹದಿನೈದು ದಿನ ಹಿಡಿಯಿತು, ಅಲ್ಲಿಯ ತನಕ ಮೀನು ದೊಡ್ಡ ಮಣ್ಣಿನ ಬಾನಿಯಲ್ಲಿದ್ದವು. ಆಮೇಲೆ ಎಂಟು ಸಲ ನೀರು ತುಂಬಿ ಚೆಲ್ಲಿದಳು, ಎಣ್ಣೆಯ ವಾಸನೆ ಹೋಗುವ ತನಕ. ಹಳ್ಳದ ಉಸುಕನ್ನು ತೊಳೆದು ತೊಳೆದು ಮೂರು ಬೆರಳು ದಪ್ಪ ಹಾಸಿದಳು. ಹಳ್ಳದ ನೀರೇ ತುಂಬಿದಳು, ಬಾವಿಯದು ಬೇಡ ಅಂದಳು. ಅಡಗಿಕೊಳ್ಳಲು ಒಂದು ಒಡೆದ ಗಡಿಗೆಯ ಚೂರು ಬೋರಲು ಹಾಕಿದಳು. ಪೆಟ್ಟಿಗೆಯನ್ನು ಪಡಸಾಲೆಯ ಒಳಗೆ, ಮುಂಜಾನೆಯ ಬಿಸಿಲು ಬೀಳುವ ಕಡೆ ಇಟ್ಟರು. ಗದ್ದೆಮ್ಮ ಮಾತ್ರ ಮೆಟ್ಟಿಲ ಹೊರಗೆ, ಹೆರಿಗೆಯ ಹೊತ್ತು ಬಿಟ್ಟರೆ ಅವಳಿಗೆ ಒಳಗೆ ಪ್ರವೇಶವಿಲ್ಲ. ಅವಳ ಮೈ ಮೀನು ನಾರುತ್ತದಂತೆ. ಹೀಗಾಗಿ ಒಳಗೆ ಕೈಯಾಡಿಸುವವಳು ಆದಮ್ಮ, ಹೊರಗೆ ಕೂತು ಹೇಳುವವಳು ತಾಯಿ.

ಪೆಟ್ಟಿಗೆಯಲ್ಲಿ ನಾಲ್ಕು ಮೀನೂ ಒಟ್ಟಿಗೆ ಇದ್ದದ್ದು ಮೂರೇ ದಿನ. ನಾಲ್ಕನೆಯ ದಿನ ಎರಡು ಒಂದಾಗಿ ಉಳಿದೆರಡನ್ನು ಮೂಲೆಗೆ ಒತ್ತಿ ಕಚ್ಚತೊಡಗಿದವು. ಒಂದರ ಬಾಲ ಹರಿಯಿತು, ಇನ್ನೊಂದರ ಕಣ್ಣು ಹೋಯಿತು. ಚಂಪಾಬಾಯಿಗೆ ಅದೊಂದು ಮೋಜು, ಗೆಳತಿಯರನ್ನು ಕರೆದು ತೋರಿಸಿದಳು. ಕುರುಡಾದ ಮೀನು ಮರುದಿನ ಹೊಟ್ಟೆ ಮೇಲಾಗಿ ತೇಲಿತು. ಉಳಿದ ಒಂಟಿಯನ್ನು ಗದ್ದೆಮ್ಮ ಮಣ್ಣಿನ ಬಾನಿಗೆ ಹಾಕಿಸಿದಳು.

"ಸಣ್ಣ ಮನ್ಯಾಗ ಒಂದ ಸಂಸಾರ ಇರಬೇಕು," ಅಂದಳು. "ಯಾವ ಎರಡು ಜೋಡಿ ಅಂತ ನಾವು ಆರಸೂದಲ್ಲ, ಅವ ಆರಸ್ಕೊಂತಾವ."

ನವರಾತ್ರಿಯ ಹೊತ್ತಿಗೆ ಜೋಡಿ ಆ ಗಡಿಗೆ ಚೂರನ್ನು ಬಾಯಲ್ಲಿ ಉಜ್ಜಿ ಉಜ್ಜಿ ತಿಕ್ಕಿ ತತ್ತಿ ಇಟ್ಟಿತು. ಸಾಸಿವೆಗಿಂತ ಸಣ್ಣವು, ಇನ್ನೂರಾದರೂ ಇದ್ದವು. ವಾಡೆಯಲ್ಲಿ ಹಬ್ಬವೇ ಹಬ್ಬ. ಇನ್ನು ಕೇಳಿ, ನನ್ನ ದೊಡ್ಡವ್ವ ಎಂಥ ಹುಚ್ಚು ಕೆಲಸ ಮಾಡಿದಳು ಎಂದು.

ಬಾಣಂತಿಯ ಕೋಣೆಗೆ ಗಂಡಸು ಬರಬಾರದು. ಬೆಳಕು ಬೀಳಬಾರದು. ಗಾಳಿ ತಾಗಬಾರದು. ಇಪ್ಪತ್ತು ವರ್ಷ ಅವಳು ಮನೆಮನೆಯಲ್ಲಿ ಹೇಳಿದ್ದು ಇದನ್ನೇ. ಮೀನಿಗೂ ಅದನ್ನೇ ಹೇಳಿದಳು. ಗಂಡುಮೀನನ್ನು ಬೇರೆ ಗಡಿಗೆಗೆ ತೆಗೆಸಿದಳು. ಪೆಟ್ಟಿಗೆಗೆ ಕರಿ ಕಂಬಳಿ ಹೊದಿಸಿ, ಮುಂದೆ ಲೋಬಾನದ ಹೊಗೆ ಹಾಕಿಸಿದಳು. ಬಾಯಿಸಾಬ್ರಿಗೂ ಸರಿ ಕಂಡಿತು. ಮೂರನೆಯ ದಿನ ಕಂಬಳಿ ಸರಿಸಿ ನೋಡಿದರೆ ಚೂರಿನ ಮೇಲೆ ಒಂದು ತತ್ತಿಯೂ ಇಲ್ಲ. ತಾಯಿಯೇ ತಿಂದುಬಿಟ್ಟಿತ್ತು. ತಿಂದು, ಮೂಲೆಯಲ್ಲಿ ಬಣ್ಣಗೆಟ್ಟು ನಿಂತಿತ್ತು, ಕೊಟ್ಟ ಮೇವಿಗೆ ಬಾಯಿ ತೆರೆಯಲಿಲ್ಲ.

ಬಾಯಿಸಾಬ್ರು ಗದ್ದೆಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಆದಮ್ಮನನ್ನು ಕರೆದರು.

"ಬಾಣಂತಿ ಉಪಾಸ ಬಿದ್ದಾಳ. ಅಕಿ ಉಣ್ಣೂ ತನಕ ನೀನೂ ಉಣಬ್ಯಾಡ."

ಮೀನು ಮೂರು ದಿನ ತಿನ್ನಲಿಲ್ಲ. ಹದಿಮೂರು ವರ್ಷದ ಹುಡುಗಿ ಮೂರು ದಿನ ನೀರು ಕುಡಿದು ಪೆಟ್ಟಿಗೆಯ ಮುಂದೆ ಕೂತಳು. ಗದ್ದೆಮ್ಮ ಮೆಟ್ಟಿಲ ಹೊರಗಿನಿಂದ ನೋಡಿದಳು. ಸೆರಗಿನಲ್ಲಿ ರೊಟ್ಟಿ ತಂದಿದ್ದಳು, ಕರಿಬಸಪ್ಪ ಕಸಿದುಕೊಂಡು ನಾಯಿಗೆ ಹಾಕಿದ. ಹುಕುಂ ಆಗಿದೆ, ನಾನೇನು ಮಾಡಲಿ ಅಂದ. ಮೀನಿನ ಬಾಯಿ ನೋಡುತ್ತ ಕೂಡುವುದು ಬಿಟ್ಟು ಆ ಹುಡುಗಿಗೆ ಬೇರೆ ಕೆಲಸ ಇರಲಿಲ್ಲ. ಹಾಗೆ ನೋಡುತ್ತಲೇ ಅವಳಿಗೆ ಒಂದು ವಿಷಯ ತಿಳಿಯಿತು.

"ಯವ್ವಾ, ಅದು ಗಂಡನ ಹುಡುಕಾಕತ್ತೈತಿ. ಆ ಗಡಿಗಿ ಇಟ್ಟ ಕಡೇಕ ಮಾರಿ ಮಾಡಿ ನಿಂತೈತಿ ನೋಡು."

ಗದ್ದೆಮ್ಮ ಗಂಡುಮೀನನ್ನು ತಿರುಗಿ ಪೆಟ್ಟಿಗೆಗೆ ಬಿಡಿಸಿದಳು. ಅವತ್ತು ಸಂಜೆಗೆ ಹೆಣ್ಣು ಮೇವು ಮುಟ್ಟಿತು, ಆದಮ್ಮನಿಗೂ ಊಟ ಸಿಕ್ಕಿತು. ಗದ್ದೆಮ್ಮ ಮೆಟ್ಟಿಲ ಕೆಳಗೆ ಕೂತು ತನ್ನ ಕಪಾಳಕ್ಕೆ ತಾನೇ ಹೊಡೆದುಕೊಂಡಳು.

"ನನ್ನ ಶ್ಯಾಣ್ಯಾತನಕ್ಕ ಬೆಂಕಿ ಬೀಳ್ಲಿ. ಇನ್ನ ನೀ ಹೇಳು, ನಾ ಕೇಳ್ತೀನಿ."

ದೀಪಾವಳಿ ಕಳೆದು ಎರಡನೆಯ ಸಲ ತತ್ತಿ ಬಂತು. ಈ ಸಲ ಕಂಬಳಿ ಇಲ್ಲ, ಹೊಗೆ ಇಲ್ಲ. ಗಂಡು ಹೆಣ್ಣು ಪಾಳಿಯ ಮೇಲೆ ಕಾದವು. ಒಂದು ಮೀನು ತತ್ತಿಗಳಿಗೆ ರೆಕ್ಕೆಯಿಂದ ಗಾಳಿ ಹಾಕಿದರೆ ಇನ್ನೊಂದು ಸುತ್ತ ತಿರುಗಿತು. ಬಿಳಿಚಿದ ತತ್ತಿಯನ್ನು ತಾವೇ ಆರಿಸಿ ಎಸೆದವು. ಐದನೆಯ ದಿನ ತತ್ತಿ ಒಡೆದು, ದೊಡ್ಡವು ಉಸುಕಿನಲ್ಲಿ ತೋಡಿದ್ದ ಕುಳಿಯಲ್ಲಿ ಕಣ್ಣುರೆಪ್ಪೆಯ ಕೂದಲಿನಂಥ ಮರಿಗಳು ಮಿಸುಕಾಡಿದವು. ಮುಂದಿನ ವಾರ ಎದ್ದು ಈಜಿದವು. ಹಸಿವಾದಾಗ ಅವು ತಂದೆ ತಾಯಿಯ ಮೈಗೆ ಮುತ್ತಿ ಮೇಲಿನ ಲೋಳೆಯನ್ನು ತಿಂದವು. ಚಂಪಾಬಾಯಿ ಹೇಸಿ, ಮರಿ ತಾಯಿಯನ್ನೇ ಕಡಿಯುತ್ತಿವೆ, ಬೇರೆ ಮಾಡಿ ಅಂದಳು. ಆದಮ್ಮ ಪೆಟ್ಟಿಗೆಗೆ ಅಡ್ಡ ನಿಂತಳು.

"ಬ್ಯಾಡ್ರಿ ಅಕ್ಕಾರ. ಅದು ಅವಕ್ಕ ಮೊಲಿ ಕುಡದಂಗ."

ದನದ ತೊಟ್ಟಿಯಿಂದ ಸೊಳ್ಳೆಮರಿ ಸೋಸಿ ತಂದು ದೊಡ್ಡ ಮೀನಿಗೆ ಕೊಟ್ಟಳು. ಬೇಯಿಸಿದ ಕೋಳಿತತ್ತಿಯ ಒಳಗಿನ ಹಳದಿ ಭಂಡಾರವನ್ನು ಬಟ್ಟೆಯಲ್ಲಿ ಹಿಂಡಿ ಮರಿಗಳಿಗೆ ಕೊಟ್ಟಳು. ಆ ಕೋಳಿತತ್ತಿಯನ್ನು ಗದ್ದೆಮ್ಮ ಮಸ್ಕಿಯಿಂದ ಕದ್ದುಮುಚ್ಚಿ ತರುತ್ತಿದ್ದಳು, ವಾಡೆಯವರಿಗೆ ಗೊತ್ತಾದರೆ ಪೆಟ್ಟಿಗೆಯನ್ನೇ ಹೊರಗೆ ಎಸೆಯುತ್ತಿದ್ದರು. ಪುಷ್ಯದ ಚಳಿಗೆ ಪೆಟ್ಟಿಗೆಯ ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಾಯ್ದರು. ಮಾಘ ಬಂದಾಗ ನಲವತ್ತು ಮರಿಗಳಿದ್ದವು, ಪುಟ್ಟ ಬೊಟ್ಟುಗಳು ಮೂಡಿದ್ದವು. ಬಾಯಿಸಾಬ್ರು ಕರಿಬಸಪ್ಪನನ್ನು ಕರೆದು ಪಟ್ಟಿಯಲ್ಲಿ ಆದಮ್ಮನ ಹೆಸರಿನ ಮೇಲೆ ಗೀಟು ಹಾಕಿಸಿದರು. ಹಾಕಿದ್ದನ್ನು ಗದ್ದೆಮ್ಮನಿಗೆ ತೋರಿಸಿದರು. ಆಣೆ ತಪ್ಪಲಿಲ್ಲ, ಇಲ್ಲದ ಮಾತು ನಾನು ಹೇಳಬಾರದು. ಗದ್ದೆಮ್ಮ ಮೆಟ್ಟಿಲಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿ, ಊರಿಗೆ ಬಂದು ನಮ್ಮ ಕೇರಿಗೆಲ್ಲ ಬೆಲ್ಲ ಹಂಚಿದಳು.

ಮದುವೆ ಆಯಿತು. ಎರಡನೆಯ ದಿನದ ಊಟಕ್ಕೆ ಅಳಿಯ ಮುನಿಸಿಕೊಳ್ಳುವ ಶಾಸ್ತ್ರ. ಎಲೆ ಮುಂದೆ ಕೂತು ತುತ್ತು ಎತ್ತದೆ ಮುಖ ತಿರುಗಿಸುತ್ತಾನೆ, ಏನು ಬೇಕು ಎಂದು ಅತ್ತೆ ಕೇಳಬೇಕು, ಅವನು ಕೇಳಿದ್ದನ್ನು ಇಲ್ಲ ಅನ್ನಬಾರದು. ಕುದುರೆ ಕೇಳುವವರಿದ್ದರು, ಹೊಲ ಕೇಳುವವರಿದ್ದರು. ಈ ಅಳಿಯ ಓದಿದವನು, ಸಭ್ಯ, ದುರಾಸೆಯಿಲ್ಲದವನು. ಎರಡು ದಿನದಿಂದ ಮೀನಿನ ಪೆಟ್ಟಿಗೆ ಬಿಟ್ಟು ಕದಲಿರಲಿಲ್ಲ. ಆದಮ್ಮನನ್ನು ಕೂರಿಸಿಕೊಂಡು ಏನು ಹಾಕಿದೆ, ಎಷ್ಟು ಹಾಕಿದೆ ಎಂದು ಕೇಳಿ ಕೇಳಿ ಬರೆದುಕೊಂಡಿದ್ದ.

"ನನಗೆ ಬಂಗಾರ ಬೇಡ," ಅಂದ. "ಆ ಮೀನಿನ ಪೆಟ್ಟಿಗೆ ಕೊಡಿ. ಅದನ್ನು ನೋಡಿಕೊಳ್ಳುವ ಹುಡುಗಿಯನ್ನೂ ಕೊಡಿ. ಅವಳಿಲ್ಲದೆ ಅವು ಬದುಕುವುದಿಲ್ಲ."

ಪಂಕ್ತಿಯೆಲ್ಲ ನಕ್ಕಿತು. ಎಷ್ಟು ಕಡಿಮೆ ಕೇಳಿದ, ಎಂಥ ಒಳ್ಳೆಯ ಅಳಿಯ ಎಂದು ಹೊಗಳಿದರು. ಬಾಯಿಸಾಬ್ರು ಆಯಿತು ಅಂದರು, ಅಳಿಯ ತುತ್ತು ಎತ್ತಿದ.

ಗದ್ದೆಮ್ಮ ಓಡಿ ಬಂದು ಮೆಟ್ಟಿಲ ಕೆಳಗೆ ನಿಂತಳು. "ಆಣಿ ಮಾಡಿದ್ರಿ ಅವ್ವಾರೆ."

"ಪಟ್ಟಿಯಿಂದ ತಗಸ್ತೀನಿ ಅಂದಿದ್ದೆ, ತಗಸೀನಿ. ಅಳಿಯ ಎಲಿ ಮುಂದ ಕೂತು ಕೇಳಿದ್ದನ್ನ ಇಲ್ಲ ಅನ್ನಾಕ ಬರ್ತದೇನು? ನೀ ಅಷ್ಟು ಛಲೋ ಮಾಡಿದಿ, ಅದಕ್ಕ ಅವರ ಮನಸಿಗೆ ಬಂತು. ಹೆಮ್ಮಿ ಪಡು."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇದೆಯಲ್ಲ, ನಮ್ಮ ಜಾತಿಯವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೀನು ಸತ್ತಿದ್ದರೆ ಆದಮ್ಮ ಹೋಗುತ್ತಿದ್ದಳು, ಮೀನು ಬದುಕಿದ್ದಕ್ಕೂ ಹೋದಳು.

ಹೊರಡಲು ನಾಲ್ಕು ದಿನ ಇತ್ತು. ನನ್ನ ತಾಯಿ ಯಮನೂರಮ್ಮ ಅಕ್ಕನಿಗೆ ಎರಡು ಕಾರೆಕಾಯಿ ತಂದುಕೊಟ್ಟಳು. ಜಜ್ಜಿ ಮಡುವಿಗೆ ಹಾಕಿದರೆ ಮೀನು ಮತ್ತೇರಿ ಮೇಲೆ ತೇಲುತ್ತವೆ, ನಮ್ಮವರು ಹಿಡಿಯುತ್ತಿದ್ದದ್ದೇ ಹಾಗೆ. ಪೆಟ್ಟಿಗೆಗೆ ಒಂದೇ ಸಾಕು.

"ಮೀನ ಇಲ್ಲಂದ್ರ ಮೀನ ಕಾಯಾಕಿನೂ ಬ್ಯಾಡ," ಅಂದಳು ನನ್ನ ತಾಯಿ.

ಗದ್ದೆಮ್ಮ ಅವನ್ನು ಮಡಿಲಲ್ಲಿ ಕಟ್ಟಿಕೊಂಡು ವಾಡೆಯ ತನಕ ಹೋದಳು. ಮೆಟ್ಟಿಲ ಮುಂದೆ ಒಂದು ತಾಸು ಕೂತಳು. ತಿರುಗಿ ಬಂದು ಕಾಯಿಗಳನ್ನು ತಿಪ್ಪೆಗೆ ಎಸೆದಳು.

"ಮೀನ ಸತ್ರ ಮೂರು ದಿನದ ಉಪಾಸಕ್ಕ ಮುಗಿಯೂದಿಲ್ಲ. ನನ್ನ ಕೂಸಿನ ತೊಗಲ ಸುಲೀತಾರ."

ಉಳಿದ ದಿನ ಅವಳು ಮಗಳಿಗೆ ಅಳಲು ಬಿಡಲಿಲ್ಲ. ಬೈದು ಬೈದು ಕಲಿಸಿದಳು. ದಾರಿಯಲ್ಲಿ ಅರ್ಧ ನೀರು ಇಡು, ಪೆಟ್ಟಿಗೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟು, ಹಳ್ಳದ ನೀರನ್ನು ಎರಡು ಗಡಿಗೆ ಜೊತೆಗೆ ಒಯ್ಯಿ, ಕಂಡ ಕಂಡ ನೀರು ಹಾಕಬೇಡ.

"ಬಂಡಿ ಕುಲಕತೈತಿ. ಎರಡೂ ಕೈಲೆ ಪೆಟ್ಟಿಗಿ ತಬ್ಬಿ ಹಿಡಕೊ. ಯಾರು ಕರದ್ರೂ ಕೈ ಬಿಡಬ್ಯಾಡ, ಹೊಳ್ಳಿ ನೋಡಬ್ಯಾಡ. ನಾ ಕರದ್ರೂ."

ಲಿಂಗಸುಗೂರಿನ ತನಕ ಬಂಡಿ, ಮುಂದೆ ಮೋಟಾರು, ರಾಯಚೂರಿನಿಂದ ರೈಲು. ಆಕಳಿನ ಹಿಂದಿನ ಬಂಡಿಯಲ್ಲಿ ಆದಮ್ಮ ಪೆಟ್ಟಿಗೆಯನ್ನು ಎದೆಗೆ ಒತ್ತಿ ಕೂತಿದ್ದಳು. ಗದ್ದೆಮ್ಮ ಮಸ್ಕಿ ಹಳ್ಳದ ತನಕ ಬಂಡಿಯ ಪಕ್ಕದಲ್ಲೇ ನಡೆದಳು. ಎತ್ತುಗಳು ಆಚೆ ದಂಡೆ ಏರುವಾಗ ತಡೆಯಲಾರದೆ ಒಂದು ಸಲ ಆದೀ ಎಂದು ಕರೆದಳು. ಹುಡುಗಿ ಹೊರಳಿ ನೋಡಲಿಲ್ಲ. ಹೇಳಿದ ಮಾತು ಮೀರುವ ಮಗಳಲ್ಲ ಅವಳು.

ಬಿಟ್ಟು ಬರಲು ಹೋಗಿದ್ದ ಕರಿಬಸಪ್ಪ ಹತ್ತು ದಿನಕ್ಕೆ ತಿರುಗಿ ಬಂದ. ಮೀನು ಹೈದರಾಬಾದು ಮುಟ್ಟಿರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸುವಾಗ ಬೀಗರಲ್ಲಿ ಒಬ್ಬರು ನೀರು ಹೊಲಸಾಗಿದೆ ಎಂದು ಎಲ್ಲವನ್ನೂ ಚೆಲ್ಲಿ ಸ್ಟೇಷನ್ನಿನ ನಲ್ಲಿ ನೀರು ತುಂಬಿಸಿದರಂತೆ. ಆದಮ್ಮ ಬೇಡ ಬೇಡ ಎಂದು ಅವರ ಕೈ ಹಿಡಿದದ್ದಕ್ಕೆ ಕಪಾಳಕ್ಕೆ ಬಿತ್ತಂತೆ. ಗಾಡಿ ಬಿಡುವುದರೊಳಗೆ ನಲವತ್ತೆರಡೂ ತೇಲಿದವು.

ಗದ್ದೆಮ್ಮ ಮತ್ತೆ ಮೆಟ್ಟಿಲ ಕೆಳಗೆ ಬಂದು ನಿಂತಳು. ಮೀನು ಹೋದವಂತೆ, ನನ್ನ ಮಗಳಿಗೆ ಅಲ್ಲಿ ಇನ್ನೇನು ಕೆಲಸ, ಕರೆಸಿಕೊಡಿ ಎಂದು ಬೇಡಿದಳು. ಪೆಟ್ಟಿಗೆ ಇದೆಯಲ್ಲ, ಹೊಸ ಮೀನು ಬರುತ್ತವೆ, ಅಲ್ಲಿಯ ತನಕ ಧೂಳು ಒರೆಸಲಿ ಎಂದು ಬಾಯಿಸಾಬ್ರು ಒಳಗೆ ಹೋದರು. ಹೊಸ ಮೀನು ಬಂದವೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಎರಡು ವರ್ಷಕ್ಕೆ ಚಂಪಾಬಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗದ್ದೆಮ್ಮನಿಗೆ ಕರೆ ಬಂತು. ಹೋಗಬೇಡ ಎಂದು ನನ್ನ ತಾಯಿ ಕಾಲು ಹಿಡಿದಳು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವಳು ಹೊರಟಳು. ಜೊತೆಗೆ ಆದಮ್ಮ ಬಂದಿರಬಹುದು ಎಂಬ ಆಸೆ ಬೇರೆ. ಬಂದಿರಲಿಲ್ಲ. ನೋವು ತಿನ್ನುತ್ತಿದ್ದ ಚಂಪಾಬಾಯಿಯ ಬೆನ್ನು ನೀವುತ್ತ ಮೆಲ್ಲಗೆ ಕೇಳಿದಳು.

"ನನ್ನ ಮಗಳು ಹೆಂಗದಾಳ್ರಿ ಅಕ್ಕಾರ?"

"ಬರ್ತೀನಿ ಅಂತ ಅಳತಿದ್ಲು," ಅಂದಳು ಚಂಪಾಬಾಯಿ ಹಲ್ಲು ಕಚ್ಚಿ. "ಮನ್ಯಾಗ ಈಗ ಅಂಥಾ ಕೆಲಸೇನೂ ಇಲ್ಲ. ಬಾಣಂತನ ಮುಗಿಸ್ಕೊಂಡು ಹೋದಮ್ಯಾಲ ಕಳಿಸಿಕೊಡ್ತೀನಿ."

ಅದನ್ನು ಕೇಳಿದ ಮೇಲೆ ಗದ್ದೆಮ್ಮನ ಕೈಗೆ ಎಲ್ಲಿಲ್ಲದ ಹುರುಪು ಬಂತಂತೆ. ಈ ಕೂಸೂ ತಾಯಿಯ ಹಾಗೆ ಅಡ್ಡ ಬಂದಿತ್ತು. ಅದನ್ನು ತಿರುಗಿಸಿ, ಹೊರಗೆ ತಂದು, ಅಂಗಾಲಿಗೆ ತಟ್ಟಿ ಅಳಿಸಿದಳು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಬಾಗಿಲ ಹೊರಗೆ ಕಾಯುತ್ತಿದ್ದ ಬಾಯಿಸಾಬ್ರು ಏನು ಕೂಸು ಎಂದು ಕೇಳಿದರು.

"ಹೆಣ್ಣ ಕೂಸ್ರಿ ಅವ್ವಾರೆ. ಗಟ್ಟಿ ಐತಿ."

"ಛಲೋ ಆತು," ಅಂದರು ಬಾಯಿಸಾಬ್ರು. "ಆದಿ ಹೆಂಗೂ ಅಲ್ಲೇ ಇದ್ದಾಳ. ಎತ್ತಿ ಬೆಳಸಾಕ ಬೇರೆ ಹುಡುಗಿನ್ನ ಹುಡುಕೂದು ತಪ್ಪಿತು."

ಗದ್ದೆಮ್ಮ ಹೊಕ್ಕಳಬಳ್ಳಿ ಕೊಯ್ದು, ಕೂಸನ್ನು ಒರೆಸಿ, ಅವರ ಕೈಗೆ ಕೊಟ್ಟಳು.